ಹಿಂದಿನ ದೀಪಕ್ಕೆ ಹತ್ತಕ್ಕೆ ಹತ್ತು

ಹೋದ ತಿಂಗಳು ಮೂಡಿಗೆರೆಯ ಹಲ್ಲಿನ ಡಾಕ್ಟರು ನನ್ನ ಹೊಸ ಹಲ್ಲಿನ ಸೆಟ್ಟನ್ನು ಬಾಯಿಗೆ ಕೂರಿಸಿ, "ಕಚ್ಚಿ ನೋಡಿ" ಎಂದರು. ಕಚ್ಚುವ ಮೊದಲೇ ಮೂಗಿಗೆ ಆ ವಾಸನೆ ಬಡಿಯಿತು. ಸೆಟ್ಟು ಮಾಡುವಾಗ ಪುಡಿಗೆ ಒಂದು ದ್ರವ ಕಲಸುತ್ತಾರಲ್ಲ, ಅದರದು. ಸ್ವಲ್ಪ ಸ್ಪಿರಿಟ್ಟು, ಸ್ವಲ್ಪ ಹೆಂಗಸರು ಉಗುರಿಗೆ ಹಚ್ಚುವ ಬಣ್ಣ. ನಿಮಗಾದರೆ ಹಲ್ಲು ನೆನಪಾಗುತ್ತದೆ. ನನಗೆ ನೆನಪಾದದ್ದು ಕಾರಿನ ಹಿಂದಿನ ದೀಪ, ಮತ್ತು ಇಷ್ಟು ವರ್ಷವಾದರೂ ತಣ್ಣಗಾಗದ ಒಂದು ಸಿಟ್ಟು. ನನ್ನ ಮುಖ ನೋಡಿ ಡಾಕ್ಟರು ಗಾಬರಿಯಾದರು.

"ನೋವಾಯ್ತಾ ಸರ್?"

"ಸಿಟ್ಟು ಬಂತು ಮಾರಾಯ್ರೆ. ನಿಮ್ಮ ಮೇಲಲ್ಲ, ಹೆದರ್ಬೇಡಿ."

ನನ್ನ ಹತ್ತಿರ ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರೊಂದಿದೆ. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ "ಮಾರ್ತೀರಾ?" ಎಂದು ಕೇಳುವವರು ಗೇಟಿನವರೆಗೆ ಸಾಲು ನಿಲ್ಲುತ್ತಾರೆ. ಕೆಂಪು ಬಣ್ಣ, ಎರಡೇ ಬಾಗಿಲು, ಉದ್ದ ಮೂಗು, ಹಿಂದೆ ಎರಡು ಗುಂಡನೆಯ ಕೆಂಪು ದೀಪ. ಆಫ್ರಿಕಾದಲ್ಲಿ ಡಾಕ್ಟರಾಗಿದ್ದ ನನ್ನ ಸೋದರಮಾವ ಊರಿಗೆ ವಾಪಸಾಗುವಾಗ ಹಡಗಿನಲ್ಲಿ ಹಾಕಿಕೊಂಡು ಬಂದದ್ದು. ಅವರಿಗೆ ಸೊಂಟನೋವು, ಆ ಕಾರಿನಲ್ಲಿ ಒಮ್ಮೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಹಾಗಾಗಿ ಅದು ನನ್ನ ಪಾಲಿಗೆ ಬಂತು. ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡೇ ಓಡುವ ಅದಕ್ಕೆ ನಮ್ಮ ತೋಟದ ಆಳುಗಳು ಕಪ್ಪೆ ಎಂದು ಹೆಸರಿಟ್ಟರು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಆ ಕಪ್ಪೆಯನ್ನು ನನ್ನಷ್ಟು ಚಂದ ಹಾರಿಸಿದವನು ಜಪಾನಿನಲ್ಲೂ ಇರಲಿಕ್ಕಿಲ್ಲ. ಜಂಬ ಎಂದುಕೊಳ್ಳಬೇಡಿ, ಇದು ಬರೀ ಮಾಹಿತಿ.

ಅಂಥವನ ಕಾರಿನ ಎಡಗಡೆಯ ದೀಪ ಒಡೆದದ್ದು ನಮ್ಮದೇ ಕಣದಲ್ಲಿ, ರಿವರ್ಸ್ ತೆಗೆಯುವಾಗ. ಸಿಲ್ವರ್ ಓಕ್ ಮರ ಹಿಂದಿನಿಂದ ಬಂದು ಗುದ್ದಿತು ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ಮರವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಅದಕ್ಕೆ ಲೈಸೆನ್ಸ್ ಇತ್ತಾ ಕೇಳಿ" ಎಂದು ಒಳಗೆ ಹೋದಳು.

ಆ ದೀಪದ ಬಿಲ್ಲೆ ಆಗ ನಮ್ಮ ದೇಶದಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಕೊಟ್ಟಿಗೆಹಾರದ ಲಾರೆನ್ಸ್ ಪೊರ್ಬುಗಳ ಗ್ಯಾರೇಜಿಗೆ ಹೋದೆ. ಘಟ್ಟದ ಕೆಳಗಿನಿಂದ ಬಂದ ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಪೊರ್ಬು ಎಂದೇ ಕರೆಯುವುದು. ಅವರ ಕೈಯಲ್ಲಿ ರಿಪೇರಿಯಾಗುತ್ತಿದ್ದದ್ದು ಜೀಪು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮೆಷಿನ್ನು, ಔಷಧಿ ಹೊಡೆಯುವ ಪಂಪು. ಚೂರೊಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ಪೊರ್ಬು ಹೇಳಿದರು:

"ಇದು ಗಾಜಲ್ಲ ಮಾರಾಯ್ರೆ. ಹಲ್ಲಿನ ಸೆಟ್ಟು ಮಾಡ್ತಾರಲ್ಲ, ಆ ಜಾತಿದು. ಗಾಡಿ ಬಿಟ್ಟು ಹೋಗಿ."

ಬಿಟ್ಟು ಬಂದೆ. ಪೊರ್ಬು ಮೂಡಿಗೆರೆಯಲ್ಲಿ ಹಲ್ಲಿನ ಸೆಟ್ಟು ಕಟ್ಟುವವನೊಬ್ಬನ ಸ್ನೇಹ ಮಾಡಿ, ಅವನಿಂದ ಪುಡಿಯನ್ನೂ ದ್ರವವನ್ನೂ ತಂದರು. ಎಡಕ್ಕೂ ಬಲಕ್ಕೂ ಒಂದೇ ಅಳತೆಯ ಬಿಲ್ಲೆ. ಸರಿಯಿದ್ದ ಬಲಗಡೆಯದನ್ನು ಪ್ಲಾಸ್ಟರಿನಲ್ಲಿ ಒತ್ತಿ ಅಚ್ಚು ತೆಗೆದರು. ಕೆಂಪು ಬಣ್ಣ ಬೆರೆಸಿ ಹಂಡೆ ನೀರಿನಲ್ಲಿ ಬೇಯಿಸಿದರು. ಮೊದಲನೆಯದು ಹಪ್ಪಳದ ಹಾಗೆ ಮುದುಡಿತು. ಎರಡನೆಯದು ಬೀಟ್ರೂಟ್ ಬಣ್ಣಕ್ಕೆ ತಿರುಗಿತು. ಗ್ಯಾರೇಜಿನ ಜೀಪುಗಳೆಲ್ಲ ಸಾಲಾಗಿ ಕಾಯುತ್ತಿದ್ದರೆ ಇವರು ಒಲೆ ಮುಂದೆ ಬಾಣಂತಿಗೆ ನೀರು ಕಾಯಿಸುವವರ ಹಾಗೆ ಕೂತಿರುತ್ತಿದ್ದರು. ಎರಡು ತಿಂಗಳಾದ ಮೇಲೆ, ಹಲ್ಲುಜ್ಜುವ ಪೇಸ್ಟಿನಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ ದೀಪವನ್ನು ಕೂರಿಸಿ ನನ್ನನ್ನು ಕರೆದರು. ಎಡ ಬಲ ನೋಡಿದೆ. ಬಣ್ಣ ಒಂದೇ, ಗೆರೆ ಒಂದೇ, ಅಂಚಿನಲ್ಲಿದ್ದ ಇರುವೆಯಂಥ ಜಪಾನಿ ಅಕ್ಷರಗಳೂ ಒಂದೇ. ಯಾವುದು ಒಡೆದದ್ದು ಎಂಬುದನ್ನು ಮರವನ್ನು ನೆನೆಸಿಕೊಂಡೇ ಹೇಳಬೇಕಾಯಿತು.

ಅದಾದ ಮರುವರ್ಷ ಚಿಕ್ಕಮಗಳೂರಿನಲ್ಲಿ ಹಳೇ ಕಾರುಗಳ ಪ್ರದರ್ಶನ ಇಟ್ಟರು. ತೊಂಬತ್ತರ ದಶಕದ ಕೊನೆ. ಜಪಾನಿನ ಸ್ಪೋರ್ಟ್ಸ್ ಕಾರುಗಳಿಗೇ ಬೇರೆ ವಿಭಾಗ, ಗೆದ್ದವರಿಗೆ ಬೇರೆ ಕಪ್ಪು. ಹೊರಡುವ ದಿನ ಪೊರ್ಬು ಚರ್ಚಿಗೆ ಹಾಕುವ ಬಿಳಿ ಶರ್ಟು ಹಾಕಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದರು. ಕಾರು ಹತ್ತಿದವರು ಮೂಡಿಗೆರೆ ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು:

"ದೀಪ ನಾನು ಮಾಡಿದ್ದು ಅಂತ ಅವರಿಗೆ ಹೇಳಿ, ಆಯ್ತಾ? ಬೆಂಗ್ಳೂರಿನವರು ಎಂತ ಹೇಳ್ತಾರೆ ಅಂತ ನಂಗೆ ಒಮ್ಮೆ ಕೇಳ್ಬೇಕು."

"ಮೈಕಿನಲ್ಲೇ ಹೇಳಿಸ್ತೀನಿ ಪೊರ್ಬುಗಳೇ" ಎಂದೆ. ನಾನು ಹೀಗೆ ಧಾರಾಳವಾಗಿ ಮಾತು ಕೊಡುವುದರಲ್ಲಿ ಆಗಲೂ ಮುಂದು.

ನಮ್ಮ ವಿಭಾಗಕ್ಕೆ ಬಂದದ್ದು ಎರಡೇ ಕಾರು. ಇನ್ನೊಂದು ಬೆಂಗಳೂರಿನಿಂದ ಲಾರಿಯ ಮೇಲೆ ಬಂದದ್ದು, ಬಿಳಿ ಬಣ್ಣದ್ದು. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. "ಸ್ಟಾರ್ಟ್ ಮಾಡಿ ನೋಡೋಣ" ಎಂದು ನಾನು ಕೆಣಕಿದರೆ ಅದರ ಯಜಮಾನ, "ಇದನ್ನ ಸ್ಟಾರ್ಟ್ ಮಾಡಲ್ಲ ಸರ್, ಪೆಟ್ರೋಲ್ ಹಾಕಿದ್ರೆ ಟ್ಯಾಂಕ್ ಹಾಳಾಗುತ್ತೆ" ಎಂದ. ನೀವೇ ಹೇಳಿ, ಓಡದ ಕಾರು ಕಾರೇ? ನಮ್ಮ ಮನೆಯ ಅಲ್ಮೆರಾಕ್ಕೂ ಎರಡು ಬಾಗಿಲಿದೆ, ಅದೂ ಓಡುವುದಿಲ್ಲ. ಅದನ್ನೂ ಲಾರಿಯಲ್ಲಿ ತಂದು ನಿಲ್ಲಿಸಬಹುದಿತ್ತು.

ಬೆಂಗಳೂರಿನಿಂದ ಬಂದ ತೀರ್ಪುಗಾರರು ಮೂವರು. ಅವರಲ್ಲಿ ದೊಡ್ಡವರ ಕೈಯಲ್ಲಿ ಉದ್ದ ಕೋಲಿಗೆ ಕಟ್ಟಿದ ಕನ್ನಡಿ. ಅದನ್ನು ಕಾರಿನ ಅಡಿಗೆ ತೂರಿಸಿ ನೋಡುವುದು ಅವರ ಪದ್ಧತಿ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರುವ ಜಾತಿಯವನಲ್ಲ ನಾನು. ಹಿಂದಿನ ದಿನವೇ ಕಾರಿನ ಅಡಿ ಮಲಗಿ, ಕನ್ನಡಿಯಲ್ಲಿ ನೆಟ್ಟಗೆ ಕಾಣುವ ಹಾಗೆ ಅಕ್ಷರಗಳನ್ನೆಲ್ಲ ತಿರುವುಮುರುವಾಗಿ ಚಾಕ್‌ಪೀಸಿನಲ್ಲಿ ಬರೆದಿದ್ದೆ: 'ಕುತ್ತಿಗೆ ಜೋಪಾನ ಸಾರ್.' ಚಿಕ್ಕ ತೀರ್ಪುಗಾರರಿಬ್ಬರು ಬಗ್ಗಿ ನೋಡಿ ನಕ್ಕರು. ಕನ್ನಡಿ ಸಾಹೇಬರು ನಗಲಿಲ್ಲ. ಪಟ್ಟಿಯಲ್ಲಿ ಏನೋ ಗೀಚಿದರು.

ಆಮೇಲೆ ಬಾನೆಟ್ ಎತ್ತಿದರು. ಇಂಜಿನ್ನಿನ ಬೋಲ್ಟುಗಳ ಮೇಲೆ ಅಲ್ಲಲ್ಲಿ ಹಳದಿ ಬಣ್ಣದ ಚುಕ್ಕೆಗಳಿವೆ. ಜಪಾನಿನ ಫ್ಯಾಕ್ಟರಿಯಲ್ಲಿ ಬೋಲ್ಟು ಬಿಗಿ ಮಾಡಿದ ಕೆಲಸಗಾರ, ಬಿಗಿಯಾಗಿದೆ ಎಂಬುದಕ್ಕೆ ಇಡುವ ಗುರುತು ಅದು. ಅವು ಅಳಿಸಿಹೋಗಬಾರದೆಂದು ಪೊರ್ಬು ಗಾಡಿ ಕೈಗೆ ಬಂದಾಗಿನಿಂದ ಅಲ್ಲಿ ಸೀಮೆಎಣ್ಣೆಯ ಬಟ್ಟೆ ಕೂಡ ಮುಟ್ಟಿಸಿರಲಿಲ್ಲ. ಸಾಹೇಬರು ಟಾರ್ಚು ಬಿಟ್ಟು ನೋಡಿ ಹೇಳಿದರು:

"ಇದು ಲೋಕಲ್ ಗ್ಯಾರೇಜಿನವರ ಕೆಲಸ. ಪೇಂಟ್ ಚೆಲ್ಲಿದ್ದಾರೆ."

"ಸ್ವಾಮಿ, ಅದು ಫ್ಯಾಕ್ಟರಿದು!"

"ಇರಬಹುದು ಅನ್ನೋದಕ್ಕೆಲ್ಲ ಮಾರ್ಕ್ಸ್ ಇಲ್ಲ ಸರ್."

ನಾಲ್ಕು ಮಾರ್ಕು ಹೋಯಿತು. ನನ್ನ ಕಿವಿ ಬಿಸಿಯಾಯಿತು. ಜಪಾನಿನವನ ಕೈಯ ಗುರುತಿಗೆ ನಮ್ಮೂರಿನವರ ತಪ್ಪು ಎಂದು ಮಾರ್ಕು ಕಳೆಯುವ ಈ ಮನುಷ್ಯನಿಗೆ ಕನ್ನಡಿ ಕೊಟ್ಟವರು ಯಾರು?

ಸಾಹೇಬರು ಕಾರಿನ ಹಿಂದೆ ಬಂದರು. ಜೇಬಿನಿಂದ ಭೂತಗನ್ನಡಿ ತೆಗೆದು ಎರಡು ದೀಪಗಳನ್ನೂ ನೋಡಿದರು. ಮುಖ ಅರಳಿತು.

"ಹಾಂ, ಇಲ್ಲಿ ನೋಡಿ! ಅಕ್ಷರ ಸಮೇತ ಒರಿಜಿನಲ್. ಇಂಥದ್ದನ್ನ ನಮ್ಮಲ್ಲಿ ಯಾರಿಗೂ ಮಾಡಕ್ಕಾಗಲ್ಲ. ಹತ್ತಕ್ಕೆ ಹತ್ತು."

ಪೊರ್ಬು ನನ್ನ ಪಕ್ಕದಲ್ಲೇ, ಕೈಯಲ್ಲಿ ಹಳೇ ಬಟ್ಟೆ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿದರು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸಾಹೇಬರು ಪೊರ್ಬುಗಳ ಕಡೆ ತಿರುಗಿ ನನ್ನನ್ನು ಕೇಳಿದರು: "ಇವರ್ಯಾರು? ಲೋಕಲ್ ಮೆಕ್ಯಾನಿಕ್ಕಾ? ಇಲ್ಲೇ ಮಾಡಿದ ಪಾರ್ಟ್ ಏನಾದ್ರೂ ಇದ್ರೆ ಅದರ ಮಾರ್ಕ್ಸ್ ಪೂರ್ತಿ ಹೋಗುತ್ತೆ, ಹೇಳಿಬಿಡಿ."

ಆಗಲೇ ನಾಲ್ಕು ಹೋಗಿತ್ತು. ಇನ್ನೂ ಹತ್ತು ಹೋದರೆ ಕಪ್ಪು ಆ ಬಿಳಿ ಕಾರಿನ ಜೊತೆ ಲಾರಿ ಹತ್ತುತ್ತಿತ್ತು.

"ಇವ್ರಾ? ಗಾಡಿ ತೊಳೆದು ಒರೆಸೋಕೆ ಅಂತ ಬಂದವ್ರು" ಎಂದೆ.

ಪೊರ್ಬು ಬಗ್ಗಿ, ಸಾಹೇಬರ ಬೆರಳಿನ ಗುರುತು ಬಿದ್ದಿದ್ದ ದೀಪವನ್ನು ಒರೆಸಿದರು.

ಕಪ್ಪು ನನಗೇ ಬಂತು. ಬರುವಾಗ ದಾರಿಯುದ್ದಕ್ಕೂ ನಾನು ಸಾಹೇಬರನ್ನು ಬೈದೆ. ಪೊರ್ಬು ಕೊಟ್ಟಿಗೆಹಾರದಲ್ಲಿ ಇಳಿದು, "ಬರ್ತೇನೆ" ಎಂದಷ್ಟೇ ಹೇಳಿದರು. ಆಮೇಲೂ ಕಾರಿನ ಕೆಲಸ ಅವರೇ ಮಾಡಿದರು, ಆದರೆ ಇನ್ನೊಂದು ಪ್ರದರ್ಶನಕ್ಕೆ ಕರೆದರೆ ಬರಲಿಲ್ಲ. ನಾನು ಮಾತ್ರ ಹಳದಿ ಚುಕ್ಕೆಯ ಕಥೆಯನ್ನು ಸಂಸೆಯಿಂದ ಚಿಕ್ಕಮಗಳೂರಿನವರೆಗೆ ಸಿಕ್ಕ ಸಿಕ್ಕವರಿಗೆಲ್ಲ ಹೇಳಿದೆ. ಕುರುಡು ತೀರ್ಪುಗಾರರು, ಮೋಸದ ಪಟ್ಟಿ, ಅನ್ಯಾಯ, ಎಂದು ಕೂಗಾಡಿದೆ. ಜನ ನನ್ನ ಜೊತೆ ಸೇರಿ ಬೈದರು. ನಾನು ಆಡಿದ ಒಂದು ವಾಕ್ಯವನ್ನು ಪ್ರತಿ ಸಲವೂ ಬಿಟ್ಟೇ ಹೇಳಿದ್ದರಿಂದ ಅವರಿಗೆ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಹೋದ ತಿಂಗಳು ಹಲ್ಲಿನ ಡಾಕ್ಟರ ಕುರ್ಚಿಯಿಂದ ಎದ್ದವನು ಮನೆಗೆ ಹೋಗಲಿಲ್ಲ. ನೇರ ಕೊಟ್ಟಿಗೆಹಾರಕ್ಕೆ ಹೋದೆ. ಗ್ಯಾರೇಜು ಮುಚ್ಚಿ ಎಷ್ಟೋ ವರ್ಷವಾಗಿದೆ. ಎಂಬತ್ತು ದಾಟಿದ ಪೊರ್ಬು ಜಗಲಿಯಲ್ಲಿ ಕಾಳುಮೆಣಸು ಆರಿಸುತ್ತಾ ಕೂತಿದ್ದರು. ಪೀಠಿಕೆ ಹಾಕಲು ನೋಡಿದೆ, ಬರಲಿಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅವತ್ತು ನಾನು ಹಾಗೆ ಹೇಳ್ಬಾರ್ದಿತ್ತು ಪೊರ್ಬುಗಳೇ. ಎಡಗಡೆ ದೀಪ ನೀವು ಮಾಡಿದ್ದು ಅಂತ ನಾಲ್ಕು ಜನ ಓದೋ ಹಾಗೆ ಬರೀತೀನಿ."

ಪೊರ್ಬು ಮೆಣಸಿನಿಂದ ತಲೆ ಎತ್ತಲಿಲ್ಲ.

"ಬರೆಯೋದಾದ್ರೆ ಎರಡೂ ಬರೀರಿ."

"ಎಂತ ಎರಡು?"

"ಅಚ್ಚು ತೆಗೆಯುವಾಗ ಬಲಗಡೇದೂ ಒಡ್ದು ಹೋಯ್ತು ಮಾರಾಯ್ರೆ. ಪ್ಲಾಸ್ಟರಿಗೆ ಕಚ್ಕೊಂಡು ಬಿಡ್ತು. ಹೇಳ್ಲಿಕ್ಕೆ ಹೆದ್ರಿಕೆ ಆಯ್ತು. ಅದೇ ಅಚ್ಚಲ್ಲಿ ಎರಡನ್ನೂ ನಾನೇ ಮಾಡ್ದೆ."

ಊರನ್ನೆಲ್ಲ ಏಮಾರಿಸಿದವನು ನಾನು, ನನ್ನನ್ನೇ ಏಮಾರಿಸಿದ್ದಾರೆ! "ಇಷ್ಟು ವರ್ಷ ನಂಗೇ ಹೇಳ್ಲಿಲ್ವಲ್ಲ ನೀವು!" ಎಂದು ರೇಗಿದೆ.

"ಆ ದಿನ ಅಲ್ಲೇ ಹೇಳುವ ಅಂತ ಇದ್ದೆ. ನೀವು ನೋಡಿದ್ರೆ, ತೊಳೆದು ಒರೆಸೋಕೆ ಬಂದವ್ರು ಅಂದ್ರಿ. ತೊಳೆಯೋಕೆ ಬಂದವ್ನು ಅದನ್ನೆಲ್ಲ ಹೇಳ್ತಾನಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತಾಡಿ ಬಚಾವಾಗುತ್ತಿದ್ದೆ. ಸ್ವಲ್ಪ ಹೊತ್ತು ಅವರ ಮೊರಕ್ಕೇ ಕೈ ಹಾಕಿ ನಾನೂ ಮೆಣಸು ಆರಿಸಿದೆ. ಏಳುವಾಗ ಅವರೇ ಕರೆದು ಹೇಳಿದರು:

"ಬಲಗಡೇದರ ಕೆಳಗಿನ ಅಂಚಲ್ಲಿ ಒಂದು ಗುಳ್ಳೆ ಉಳ್ಕೊಂಡಿದೆ. ಆ ಸಾಹೇಬ್ರಿಗೆ ಕಾಣ್ಲಿಲ್ಲ. ಅದಕ್ಕೆ ಒಂದು ಮಾರ್ಕ್ ಕಳೀಬೇಕು. ಅದನ್ನೂ ಬರೀರಿ."

ಮನೆಗೆ ಬಂದು ಶೆಡ್ಡಿನ ಬಾಗಿಲು ತೆಗೆದೆ. ಕಾರಿನ ಹಿಂದೆ ಮಂಡಿಯೂರಿ, ಕನ್ನಡಕ ಸರಿಮಾಡಿಕೊಂಡು ನೋಡಿದೆ. ಇತ್ತು, ಸಾಸಿವೆ ಕಾಳಿನಷ್ಟು. ಲಾರೆನ್ಸ್ ಪೊರ್ಬುಗಳು ಹೇಳಿದ್ದನ್ನೆಲ್ಲ ಬರೆದಿದ್ದೇನೆ: ದೀಪ ಎರಡು, ಗುಳ್ಳೆ ಒಂದು. ಮಾರ್ಕು ಮಾತ್ರ ಕಳೆದಿಲ್ಲ. ಅದನ್ನು ಕಳೆಯುವ ಯೋಗ್ಯತೆ ನನಗಿಲ್ಲ.