ವಿಲ್ಫನ ಅಳತೆ

ನಮ್ಮ ಮಾಲ್ವರ್ನ್ ಬೆಟ್ಟದ ಬುಡದಲ್ಲಿ ಟೈರು ಹಾಕುವ ವಿಲ್ಫ್ ಟ್ರಾಂಟರ್ ಚಹಾಕ್ಕೆ ಅದ್ದುವ ಬಿಸ್ಕತ್ತನ್ನೂ ಅಳೆದೇ ತಿನ್ನುತ್ತಾನೆಂದು ಊರೆಲ್ಲ ನಗುತ್ತದೆ. ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಪುಟ್ಟ ಕಾರು ತಂದು ಅಗಲ ಚಕ್ರ ಕೇಳಿದವರಿಗೆ, "ಏನಪ್ಪಾ, ಕೂಸಿಗೆ ಅಪ್ಪನ ಬೂಟು ಹಾಕ್ತೀಯಾ? ತಿರುವಲ್ಲಿ ಮಡ್‌ಗಾರ್ಡಿಗೆ ಉಜ್ಜಿದ್ರೆ ನನ್ನ ಹತ್ರ ಬಂದು ಅಳಬೇಡ" ಎಂದು ಗದರುತ್ತಾನೆ. ಟೈರಿನ ಮೈಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ಕಾರನ್ನು ನಾಲ್ಕು ಮಾರು ಓಡಿಸುತ್ತಾನೆ. ಗೆರೆ ಅಂಚಿನವರೆಗೂ ಅಳಿಸಿಹೋದರೆ ಟೈರು ನೆಲಕ್ಕೆ ಸರಿಯಾಗಿ ಕೂತಿದೆ ಎಂದರ್ಥ, ಚೂರು ಉಳಿದರೂ ಬೇರೆ ಟೈರು ತೊಡಿಸಿ ನೋಡುತ್ತಾನೆ. ಮೊನ್ನೆ ಎನಿಡ್ ತನ್ನ ತೀರಿಹೋದ ಗಂಡನ ಹಸಿರು ಕಾರನ್ನು ಏದುಸಿರು ಬಿಡುತ್ತ ತಂದು ನಿಲ್ಲಿಸಿದಳು. ಗಂಡ ಹಾಕಿಸಿದ್ದ ದಪ್ಪ ಟೈರುಗಳಿಂದಾಗಿ, ಸಂಧಿವಾತದ ಆ ಕೈಗಳಿಗೆ ಸ್ಟೇರಿಂಗ್ ಜಗ್ಗುತ್ತಿರಲಿಲ್ಲ. "ಇನ್ನು ನನ್ ಕೈಲಾಗಲ್ಲ ವಿಲ್ಫ್. ನಾಳೆ ಕೊಳ್ಳೋರು ಬರ್ತಾರೆ, ಗಾಳಿ ಒಂಚೂರು ನೋಡಿಬಿಡು" ಎಂದಳು. ವಿಲ್ಫ್ ಗಾಳಿ ನೋಡಲಿಲ್ಲ. ಅವಳ ಬೆರಳುಗಳನ್ನು ಒಂದು ಗಳಿಗೆ ಹಿಡಿದು ನೋಡಿ, ಶೆಡ್ಡಿನ ಹಿಂದೆ ಯಾರಿಗೂ ಮುಟ್ಟಗೊಡದೆ ಇಟ್ಟುಕೊಂಡಿದ್ದ, ಅದೇ ಮಾದರಿಯ ತನ್ನದೇ ಕಾರನ್ನು ಇಟ್ಟಿಗೆಗಳ ಮೇಲೇರಿಸಿ, ಅದರ ಕಿರಿದಾದ ನಾಲ್ಕು ಚಕ್ರಗಳನ್ನು ಬಿಚ್ಚಿ ಅವಳ ಕಾರಿಗೆ ತೊಡಿಸಿದ. ಎನಿಡ್ ಅಂಗಳದಲ್ಲಿ ಒಂದು ಸುತ್ತು ಹಾಕಿದಳು, ಮತ್ತೊಂದು ಹಾಕಿದಳು, ಆಮೇಲೆ ನಿಲ್ಲಿಸುವುದನ್ನೇ ಮರೆತಳು. "ಅಯ್ಯೋ, ನಾಳೆ ಬರೋರಿಗೆ ಏನಂತ ಹೇಳ್ಲೋ?" ಎಂದು ಕಾರಿನೊಳಗಿಂದಲೇ ಕೂಗಿದಳು. ವಿಲ್ಫ್ ಗೇಟು ತೆರೆಯುತ್ತ ಅಂದ: "ಅವರ ಸೈಜಿನ ಕಾರಲ್ಲ ಅಂತ ಹೇಳಮ್ಮಾ."