ಹಗೇವಿನ ಬಾಯಲ್ಲಿ ಕೂತ ಕಳ್ಳ

ಬೆಳಗಾಗೆದ್ದು ಅಂಗಳ ಗುಡಿಸಲು ಹೋದರೆ ನಮ್ಮ ಹಗೇವಿನ ಬಾಯಿ ತೆರೆದಿತ್ತು. ಅಂಚಿನಲ್ಲಿ ಕಳ್ಳನೊಬ್ಬ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಡುತ್ತ ಕೂತಿದ್ದ. ಆಗ ನಿಜಾಮನ ಕಾಲ. ನಾನು ಅಂದೋಲಾಕ್ಕೆ ಹೊಸದಾಗಿ ಬಂದ ಸೊಸೆ. ಕಿಟಾರನೆ ಚೀರಿದೆ.

ಅತ್ತೆ ಹೊರಗೆ ಬಂದರು. ಆ ಪುಣ್ಯಾತ್ಮ ಓಡಲಿಲ್ಲ. "ರಾತ್ರಿಯಿಂದ ಕುಂತೀನ್ರಿ ಯವ್ವಾ, ದೀಪ ಇನ್ನಾ ಆರಾಕತ್ತದ್ರಿ" ಎಂದು ನಮಗೇ ದೂರು ಹೇಳಿದ!

ನೆಲದೊಳಗೆ ಜೋಳ ತುಂಬಿ ಮುಚ್ಚಿಟ್ಟ ಆ ಗುಂಡಿಯಲ್ಲಿ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ತೆರೆದ ಕೂಡಲೇ ಇಳಿದವನು ಮೇಲೆ ಬರುವುದು ಹೆಣವಾಗಿಯೇ. ಇಳಿಬಿಟ್ಟ ದೀಪ ಆರದೆ ಉರಿಯುವವರೆಗೆ ಯಾರೂ ಇಳಿಯುವುದಿಲ್ಲ. ಕದಿಯಲು ಬಂದರೂ ಪಾಪ, ಪದ್ಧತಿ ಬಿಟ್ಟಿರಲಿಲ್ಲ.

ಇನ್ನೊಂದು ಕಷ್ಟವಿತ್ತು. ಒಮ್ಮೆ ತೆರೆದ ಹಗೇವನ್ನು ಪೂರ್ತಿ ಬರಿದು ಮಾಡದಿದ್ದರೆ ಜೋಳಕ್ಕೆ ಹುಳ ಬೀಳುತ್ತದೆ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ತೆಗದಾಂವ ನೀನು, ಖಾಲಿ ಮಾಡಾಂವನೂ ನೀನ. ಸುಮ್ನ ಕುಂದ್ರಲೇ, ರೊಟ್ಟಿ ತಿಂದು ಇಳೀವಂತಿ."

ಬಿಸಿಲೇರಿದ ಮೇಲೆ ದೀಪ ನಿಂತು ಉರಿಯಿತು. ಕಳ್ಳ ಸಂಜೆಯವರೆಗೆ ನಮ್ಮ ಜೋಳವನ್ನೆಲ್ಲ ಮೇಲೆತ್ತಿ ಹಾಕಿ, ಕೂಲಿಯೆಂದು ಅತ್ತೆ ಕೊಟ್ಟ ಒಂದು ಚೀಲ ಹೊತ್ತು ಹೋದ. ಬಹುಶಃ ಕದಿಯಲು ಬಂದದ್ದೂ ಅಷ್ಟನ್ನೇ.

ಮುಂದೆ ಹಗೇವು ತೆಗೆಯುವಾಗಲೆಲ್ಲ ಅತ್ತೆ ಅವನಿಗೇ ಹೇಳಿ ಕಳಿಸುತ್ತಿದ್ದರು. ಈಗ ನನ್ನ ಮಗ ಬಾಗಿಲಿಗೆ ತೆಂಗಿನಕಾಯಿಯಷ್ಟು ದೊಡ್ಡ ಕೀಲಿ ಜಡಿಯುತ್ತಾನೆ. ಜಡಿಯಲಿ. ಬಂದ ಕಳ್ಳನನ್ನು ಬೆಳಗಿನವರೆಗೆ ಕೂರಿಸಿಕೊಂಡಿರುವ ಕೀಲಿ ಇನ್ನೂ ಯಾವ ಅಂಗಡಿಗೂ ಬಂದಿಲ್ಲ.