ಮೈಕ್ ಆನ್ ಇತ್ತು

ನಾನು ಮೊದಲ ಸಲ ಒಬ್ಬ ಮನುಷ್ಯನ ಹಲ್ಲು ಮುರಿದದ್ದು ದೇವದುರ್ಗದಲ್ಲಿ, ನನ್ನ ತಂಗಿಯ ಗಂಡನ ಮನೆಯ ಮುಂದೆ, ಹೆಲ್ಮೆಟ್ಟಿನಿಂದ.

ಹಿಂದಿನ ದಿನ ಅವನು ತಂಗಿಯ ಬಲಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಕದ ಹಾಕಿದ್ದ. ಎರಡು ಬೆರಳು ಮುರಿದಿದ್ದವು. ಡಾಕ್ಟರ ಮುಂದೆ ಅವಳು ಜಾರಿ ಬಿದ್ದೆನೆಂದು ಹೇಳಿ ಪಟ್ಟಿ ಕಟ್ಟಿಸಿಕೊಂಡು ಬಂದು, ಪಕ್ಕದ ಮನೆಯವರ ಫೋನಿನಿಂದ ನನಗೆ ಕರೆ ಮಾಡಿದಳು. ಬೆಳಿಗ್ಗೆ ಮಾನ್ವಿಯಿಂದ ಬೈಕಿನಲ್ಲಿ ಸಿರವಾರದ ಮೇಲೆ ಹಾದು ದೇವದುರ್ಗಕ್ಕೆ ಹೋದೆ. ಅವನು ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದ. ನನ್ನನ್ನು ಕಂಡು "ಬರ್ರಿ ಮಾಸ್ತರ್ರ" ಅಂದ. ಹೆಲ್ಮೆಟ್ ತೆಗೆದವನೇ ಅದರಿಂದಲೇ ಬಾಯಿಗೆ ಹೊಡೆದೆ. ಬಿದ್ದ ಮೇಲೂ ಬಿಡಲಿಲ್ಲ, ಪಕ್ಕೆಗೆ ಒದ್ದೆ. ಪೇಸ್ಟಿನ ನೊರೆಯೂ ರಕ್ತವೂ ಕೂಡಿ ಅಂಗಳದ ಕಲ್ಲಿನ ಮೇಲೆ ಇಳಿಯಿತು. ಓಣಿಯ ಮಂದಿ ನಿಂತು ನೋಡಿದರು, ಒಬ್ಬರೂ ಬಿಡಿಸಲಿಲ್ಲ. "ಇನ್ನೊಂದೀಟು ಹಾಕ್ರಿ" ಎಂದು ಒಬ್ಬ ಮುದುಕ ಅಂದದ್ದು ಈಗಲೂ ಕಿವಿಯಲ್ಲಿದೆ. ತಂಗಿ ಒಂದು ಚೀಲ ಹಿಡಿದು ಹೊರಗೆ ಬಂದು, ಬಿದ್ದಿದ್ದ ಗಂಡನನ್ನು ದಾಟಿ, ನನ್ನ ಬೈಕಿನ ಹಿಂದೆ ಕೂತಳು.

ಮನೆಗೆ ಬಂದಾಗ ಅವ್ವ ನನ್ನ ಕೈ ಹಿಡಿದುಕೊಂಡು, "ಭೇಷ್ ಮಾಡಿದಿ ಯಪ್ಪಾ. ಅಣ್ಣ ಅಂದ್ರ ಹಿಂಗಿರಬೇಕು" ಅಂದಳು. ನನ್ನ ಹೆಂಡತಿ ನೀರು ತಂದು ಮುಂದಿಟ್ಟು ಒಳಗೆ ಹೋದಳು. ಅವಳಿಗೆ ನನ್ನ ಕೈ ಮೊದಲೇ ಗೊತ್ತಿತ್ತು. ನನ್ನ ಶಾಲೆಯ ಮಕ್ಕಳಿಗೂ ಗೊತ್ತಿತ್ತು. ನಾನು ಕಲ್ಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ.

ತಂಗಿಯ ಬೆರಳುಗಳು ಸ್ವಲ್ಪ ಸೊಟ್ಟಗೆ ಕೂಡಿಕೊಂಡವು. ಮೂರ್ನಾಲ್ಕು ತಿಂಗಳು ಅವಳು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ, "ಯಣ್ಣಾ, ನಾನು ಎಂ.ಎ. ಓದ್ಲೇನು? ಮನಿಯಾಗ ಕುಂತು ಓದೂದು" ಅಂದಳು. ನನಗೆ ಖುಷಿಯಾಯಿತು. ರಾಯಚೂರಿಗೆ ಕರೆದುಕೊಂಡು ಹೋಗಿ, ದೂರಶಿಕ್ಷಣದ ಅಧ್ಯಯನ ಕೇಂದ್ರದಲ್ಲಿ ಕನ್ನಡ ಎಂ.ಎ.ಗೆ ನಾನೇ ಹೆಸರು ಹಚ್ಚಿಸಿದೆ. ಹೊಸ ಫೋನನ್ನೂ ನಾನೇ ಕೊಡಿಸಿದೆ.

ನಾನೂ ಹೀಗೇ ಓದಿದವನು. ಆದರೆ ನನ್ನ ಕಾಲದಲ್ಲಿ ಪುಸ್ತಕದ ಕಟ್ಟು ಅಂಚೆಯಲ್ಲಿ ಬರುತ್ತಿತ್ತು. ಕಟ್ಟು ಬಿಚ್ಚಿ ಓದಿಕೊಂಡು, ಉತ್ತರ ಬರೆದು ಮತ್ತೆ ಅಂಚೆಗೆ ಹಾಕುವುದು. ವರ್ಷಕ್ಕೊಮ್ಮೆ ಹತ್ತು ದಿನ ರಾಯಚೂರಿನಲ್ಲಿ ಸಂಪರ್ಕ ತರಗತಿ. ಪಕ್ಕದಲ್ಲಿ ಕೂತವರ ಮುಖ ಹನ್ನೊಂದನೆಯ ದಿನ ಮರೆಯುತ್ತಿತ್ತು. ಪಾಠ ಹೇಳುವವರು ಯಾರೋ, ಓದುವವರು ಇನ್ನೆಲ್ಲೋ. ದೂರಶಿಕ್ಷಣ ಅಂದರೆ ನನಗೆ ಅಷ್ಟೇ.

ತಂಗಿಯದು ಹಾಗಿರಲಿಲ್ಲ. ಪಾಠ ಫೋನಿನಲ್ಲಿ ಬಂತು. ಸಂಜೆ ಆರಕ್ಕೆ ನೇರ ತರಗತಿ, ಅದು ಮುಗಿದ ಮೇಲೆ ಐದಾರು ಜನ ಸೇರಿ ಮತ್ತೊಂದು ಓದು. ಬರೆದ ಉತ್ತರವನ್ನು ಫೋಟೊ ತೆಗೆದು ಕಳಿಸಿದರೆ ಮರುದಿನವೇ ತಿದ್ದಿ ಬರುತ್ತಿತ್ತು. ನಮ್ಮ ಒಳಮನೆಯಲ್ಲಿ ಗುರುತಿಲ್ಲದ ಗಂಡಸರ ದನಿ, ಹೆಂಗಸರ ದನಿ, ಎಲ್ಲಿಯದೋ ಪ್ರೆಶರ್ ಕುಕ್ಕರಿನ ಸೀಟಿ, ಬಸ್ಸಿನ ಹಾರನ್ನು. ಮೊದಲ ತಿಂಗಳು ನಾನೂ ಹತ್ತಿರ ಕೂತು ಪಾಠ ಕೇಳಿದೆ. ಸಹೋದ್ಯೋಗಿಗಳ ಮುಂದೆ ಜಂಬ ಕೊಚ್ಚಿಕೊಂಡೆ.

ಆಮೇಲೆ ತಂಗಿ ನಗತೊಡಗಿದಳು. ಯಾಕೆ ಅದು ನನ್ನನ್ನು ಚುಚ್ಚಿತೋ ಇವತ್ತಿಗೂ ಪೂರ್ತಿ ಗೊತ್ತಾಗಿಲ್ಲ. ಗಂಡನ ಮನೆಯಿಂದ ಬಂದಾಗಿನಿಂದ ನನ್ನ ಮುಂದೆ ಒಮ್ಮೆಯೂ ನಗದವಳು, ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನು ನೋಡುತ್ತ ಬಾಯ್ತುಂಬ ನಗುತ್ತಿದ್ದಳು. "ಏನಾತು?" ಎಂದರೆ "ಏನಿಲ್ಲ ಬಿಡು" ಅನ್ನುತ್ತಿದ್ದಳು. ನಾನು ಅವಳ ಫೋನಿನ ಪಾಸ್‌ವರ್ಡ್ ಕೇಳಿದೆ. ಮರುಮಾತಿಲ್ಲದೆ ಕೊಟ್ಟಳು. ಅವಳು ಸ್ನಾನಕ್ಕೆ ಹೋದಾಗ ಗ್ರೂಪಿನ ಮೆಸೇಜುಗಳನ್ನು ಓದಿದೆ. ಪಾಠದ ಮಾತು, ಪರೀಕ್ಷೆಯ ಮಾತು. ತಪ್ಪು ಸಿಗಲಿಲ್ಲವೆಂದು ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು.

ಒಂದು ಸಂಜೆ ಶಾಲೆಯಿಂದ ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನಲು ಕೂತಿದ್ದೆವು. ಜೊತೆಯ ಮಾಸ್ತರರೊಬ್ಬರ ಸೊಸೆಯೂ ಅದೇ ಕೋರ್ಸಿಗೆ ಸೇರಿದ್ದಳು. ಅವರು ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು: "ಸರ್, ತಪ್ಪು ತಿಳೀಬ್ಯಾಡ್ರಿ. ಆ ಗ್ರೂಪಿನ್ಯಾಗ ದೇವದುರ್ಗದಾಂವ ಒಬ್ಬ ಅದಾನಂತ. ನಿಮ್ಮ ತಂಗಿ ಕೂಡ ದಿನಾ ಮಾತಾಡ್ತಾನಂತ."

ತಿನ್ನುವುದನ್ನು ಅರ್ಧಕ್ಕೆ ಬಿಟ್ಟು ಎದ್ದೆ.

ಮನೆಯೊಳಗೆ ನೆಟ್‌ವರ್ಕ್ ಸರಿಯಾಗಿ ಸಿಗದೆ ತಂಗಿ ಮಾಳಿಗೆಗೆ ಹೋಗುವ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವತ್ತು ಅವಳ ಸೆಮಿನಾರ್ ಇತ್ತು. ನಮ್ಮ ಸೀಮೆಯ ತತ್ವಪದಗಳ ಬಗ್ಗೆ ಹದಿನೈದು ದಿನದಿಂದ ಬರೆದಿದ್ದಳು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಮರೆತೆ. ನಾನು ಅಂಗಳಕ್ಕೆ ಕಾಲಿಟ್ಟಾಗ ಅವಳು ಮಾತಾಡುವುದನ್ನು ನಿಲ್ಲಿಸಿ, ಏನೋ ಕೇಳಿ, ತಲೆ ಹಿಂದೆ ಚೆಲ್ಲಿ ನಕ್ಕಳು.

"ಯಾಂವ ಅಂವ?" ಅಂದೆ.

"ಯಣ್ಣಾ, ಕ್ಲಾಸ್ ನಡದದ," ಎಂದು ಕೈಯಲ್ಲೇ ತಡಿ ಅಂದಳು.

ಮೆಟ್ಟಿಲು ಹತ್ತಿ ಆ ಕೈಯನ್ನೇ ಹಿಡಿದೆ. ಕಿವಿಯ ವೈರು ಕಿತ್ತೆಸೆದು ಕೆನ್ನೆಗೆ ಹೊಡೆದೆ. ಅವಳು ಫೋನನ್ನು ಎದೆಗೆ ಅವುಚಿಕೊಂಡಳು. ಬಿಡಿಸಲು ಮಣಿಕಟ್ಟು ತಿರುವಿದೆ. ಒಣಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವಳು ಅಲ್ಲಿಂದ ಕೆಳಗಿನ ನಾಲ್ಕು ಮೆಟ್ಟಿಲು ಉರುಳಿ ಅಂಗಳಕ್ಕೆ ಬಿದ್ದಳು. ಹಣೆ ಒಡೆಯಿತು. ನಾನು ಇಳಿದು ಬಂದು ಬೆನ್ನಿಗೆ ಒದ್ದೆ. ಒಮ್ಮೆ ಅಲ್ಲ. ಎಷ್ಟು ಸಲ ಎಂಬುದು ನನಗೆ ತಿಳಿದದ್ದು ಆಮೇಲೆ, ಕೋರ್ಟಿನಲ್ಲಿ ಬೇರೆಯವರು ಹೇಳಿದಾಗ.

ಫೋನು ನನ್ನ ಕೈಯಲ್ಲಿತ್ತು. ವೈರು ಕಿತ್ತಿದ್ದರಿಂದ ದನಿ ಈಗ ಹೊರಗೆ ಬರುತ್ತಿತ್ತು. ಒಬ್ಬ ಹೆಣ್ಣುಮಗಳು ಕೂಗುತ್ತಿದ್ದಳು: "ಸರ್, ಬಿಡ್ರಿ ಆಕೀನ್ನ! ಸರ್, ನಾವು ಕೇಳಾಕತ್ತೀವಿ! ಎಲ್ಲಾರೂ ಕೇಳಾಕತ್ತೀವಿ!"

ಮೈಕ್ ಆನ್ ಇತ್ತು. ಆ ದನಿ ನಿಲ್ಲಬೇಕಿತ್ತು ನನಗೆ. ಫೋನನ್ನು ಒರಳಿಗೆ ಅಪ್ಪಳಿಸಿದೆ. ಎರಡನೆಯ ಏಟಿಗೆ ಗಾಜು ಒಡೆದರೂ ದನಿ ಬರುತ್ತಲೇ ಇತ್ತು. ಗುಂಡುಕಲ್ಲು ಎತ್ತಿ ಜಜ್ಜಿದೆ. ಆಗ ಸುಮ್ಮನಾಯಿತು.

ಅವ್ವ ಪಡಸಾಲೆಯಿಂದ ಬಂದು ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹೆಂಡತಿ ಹಣೆಗೆ ಅರಿಶಿಣ ಒತ್ತುತ್ತಿದ್ದಳು. ಯಾರೂ ನನ್ನ ಕಡೆ ನೋಡಲಿಲ್ಲ. ಅರ್ಧ ತಾಸು ಕಳೆದಿರಬಹುದು. ಮನೆಯ ಮುಂದೆ ಸ್ಕೂಟಿ ನಿಂತಿತು. ಆಸ್ಪತ್ರೆಯ ಬಿಳಿ ಕೋಟು ತೊಟ್ಟ ಒಬ್ಬ ಹೆಂಗಸು ನೇರವಾಗಿ ಅಂಗಳಕ್ಕೆ ಬಂದರು. ಎಂದೂ ಕಂಡ ಮುಖವಲ್ಲ.

"ಯಾರ್ರಿ ನೀವು? ಇದು ನಮ್ಮ ಮನಿ ವಿಚಾರ" ಎಂದು ಅಡ್ಡ ನಿಂತೆ.

"ಆಕಿ ಕ್ಲಾಸ್‌ಮೇಟ್ ರೀ ನಾನು. ಇಲ್ಲೇ ಮಾನ್ವಿಯಾಗ ನರ್ಸ್ ಅದೀನಿ. ಪಕ್ಕಕ್ಕ ಸರೀರಿ."

ಅವರ ಮೇಲೂ ಕೈ ಎತ್ತಿದೆ. ಸುಳ್ಳು ಬರೆಯುವುದಿಲ್ಲ, ಎತ್ತಿದೆ. ಅವರು ಹಿಂದೆ ಸರಿಯದೆ ತಮ್ಮ ಫೋನನ್ನು ನನ್ನ ಮುಖದ ಮುಂದೆ ಹಿಡಿದರು.

"ಹೊಡೀರಿ ಮಾಸ್ತರ್ರ. ಕ್ಲಾಸ್ ಇನ್ನಾ ಮುಗದಿಲ್ಲ."

ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು, ಪ್ರತಿಯೊಂದರಲ್ಲಿ ಒಂದು ಮುಖ. ಪಾಠ ಹೇಳುವ ಮೇಡಂ ಬಾಯಿಗೆ ಕೈ ಇಟ್ಟುಕೊಂಡಿದ್ದರು. ರಾಯಚೂರಿನ ಒಬ್ಬ ಮಹಿಳಾ ಪೇದೆ ಸಮವಸ್ತ್ರದಲ್ಲೇ ಇದ್ದು, ಇನ್ನೊಂದು ಫೋನಿನಲ್ಲಿ ಯಾರಿಗೋ ನಮ್ಮ ಮನೆಯ ಗುರುತು ಹೇಳುತ್ತಿದ್ದರು. ಕೆಳಗಿನ ಮೂಲೆಯ ಚೌಕದಲ್ಲಿ ಹಣೆಗೆ ವಿಭೂತಿ ಹಚ್ಚಿದ, ದಪ್ಪ ಕನ್ನಡಕದ, ಹಲ್ಲಿಲ್ಲದ ಒಬ್ಬ ಮುದುಕರು ಅಳುತ್ತಿದ್ದರು. "ಯಪ್ಪಾ, ಆ ಕೂಸಿನ್ನ ಹೊಡೀಬ್ಯಾಡೋ," ಅಂದರು. "ನಾನು ಹಾಡಾಕ ಹೋಗಿ ತಾಳ ತಪ್ಪಿದ್ನಿ, ಅದಕ್ಕ ನಕ್ಕಿತ್ತೋ ಅದು."

ದೇವದುರ್ಗದ ಆ ಗಂಡಸು ಅವರೇ. ಕೆಲಸದಿಂದ ನಿವೃತ್ತರಾದ ಮೇಲೆ ಓದಲು ಕೂತವರು.

ನಾನು ಪಕ್ಕಕ್ಕೆ ಸರಿದೆ. ನರ್ಸು ಮತ್ತು ನನ್ನ ಹೆಂಡತಿ ತಂಗಿಯನ್ನು ಎಬ್ಬಿಸಿಕೊಂಡು ಆಟೊದಲ್ಲಿ ಆಸ್ಪತ್ರೆಗೆ ಒಯ್ದರು. ಅವ್ವ ಎದ್ದು ನನ್ನೆದುರು ನಿಂತು, ಇದ್ದಷ್ಟು ಬಲ ಕೂಡಿಸಿ ಕೆನ್ನೆಗೆ ಬಾರಿಸಿದಳು. "ಅವತ್ತ ಭೇಷ್ ಅಂದೆನಲ್ಲ, ನನ್ನ ನಾಲಿಗಿ ಸೇದಿ ಹೋಗಲಿ" ಎಂದು ತನ್ನ ಬಾಯಿಗೂ ತಾನೇ ಹೊಡೆದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ತಂಗಿ "ನಮ್ಮಣ್ಣ ಹೊಡದಾನ್ರಿ" ಎಂದಳಂತೆ. ಹೆಂಡತಿ ಬಂದು ಹೇಳಿದಳು. ಮಣಿಕಟ್ಟಿನ ಎರಡೂ ಎಲುಬು ಮುರಿದಿದ್ದವು. ಹಣೆಗೆ ಏಳು ಹೊಲಿಗೆ. ಪೊಲೀಸರು ಬಂದರು, ಕೇಸಾಯಿತು. ತರಗತಿಯ ರೆಕಾರ್ಡಿಂಗ್ ಕೋರ್ಟಿಗೆ ಬಂತು. ನಾನು ತಪ್ಪು ಒಪ್ಪಿಕೊಂಡೆ, ಯಾಕೆಂದರೆ ಅದನ್ನು ಒಮ್ಮೆ ಕೇಳಿಸಿದ ಮೇಲೆ ಎರಡನೆಯ ಸಲ ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಅದರಲ್ಲಿ ತಂಗಿಯ ಕೂಗಿಗಿಂತ ನನ್ನ ಉಸಿರಿನ ಸದ್ದೇ ದೊಡ್ಡದಾಗಿತ್ತು. ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು; ಸಸ್ಪೆಂಡ್ ಆಗಿ ಕೆಲವು ಕಾಲ ಶಾಲೆಯಿಂದ ಹೊರಗಿದ್ದೆ. ಆ ದಿನಗಳಲ್ಲಿ ಮನೆಯಲ್ಲಿ ನನ್ನೊಂದಿಗೆ ಮಾತಾಡುವವರು ಇರಲಿಲ್ಲ.

ತಂಗಿ ಮನೆಗೆ ಮರಳಲಿಲ್ಲ. ಒಂದಷ್ಟು ದಿನ ಆ ನರ್ಸಿನ ಮನೆಯಲ್ಲಿದ್ದು, ಆಮೇಲೆ ರಾಯಚೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋದಳು. ಬಲಗೈ ಪ್ಲಾಸ್ಟರಿನಲ್ಲಿದ್ದಾಗ ಅಸೈನ್‌ಮೆಂಟುಗಳನ್ನು ಫೋನಿಗೆ ಬಾಯಿಂದ ಹೇಳಿ ಬರೆಸಿದಳಂತೆ. ನಮ್ಮ ಕಡೆಯ ಮಾತು ಅದಕ್ಕೆ ತಿಳಿಯದೆ ಏನೇನೋ ಬರೆಯುತ್ತಿತ್ತಂತೆ. ಪೇದೆಯೋ ನರ್ಸೋ ಮುದುಕರೋ, ಯಾರಿಗೆ ಬಿಡುವಿದೆಯೋ ಅವರು ತಿದ್ದಿಕೊಡುತ್ತಿದ್ದರಂತೆ. ಇದೆಲ್ಲ ನನ್ನ ಹೆಂಡತಿಯಿಂದ ತಿಳಿದದ್ದು. ಅವಳು ನನಗೆ ಹೇಳದೆ ತಂಗಿಗೆ ಫೋನು ಮಾಡುತ್ತಿದ್ದಳು.

ತಂಗಿ ಪಾಸಾದಳು. ಅದೇ ಅಧ್ಯಯನ ಕೇಂದ್ರದಲ್ಲಿ ಈಗ ಹೊಸಬರಿಗೆ ಆನ್‌ಲೈನ್ ಪಾಠ ಹೇಳುತ್ತಾಳೆ. ಹೋದ ವರ್ಷ ಮಳೆ ಹಿಡಿಯುವ ಮುಂಚೆ ನಾನು ರಾಯಚೂರಿಗೆ ಹೋದೆ. ಕೇಂದ್ರದ ಜಗಲಿಯಲ್ಲಿ ಎರಡು ತಾಸು ಕಾದೆ. ಅವಳು ಹೊರಗೆ ಬಂದಾಗ ಹಣೆಯ ಗಾಯದ ಗೆರೆ ಕಂಡಿತು. ಬಲಗೈ ಮಣಿಕಟ್ಟಿನಲ್ಲಿ ಪೂರ್ತಿ ತಿರುಗುತ್ತಿರಲಿಲ್ಲ. ನೀರಿನ ಬಾಟಲಿಯನ್ನು ಎಡಗೈಯಲ್ಲಿ ಹಿಡಿದಿದ್ದಳು.

"ಯಾಕ ಬಂದಿ?" ಅಂದಳು.

"ತಪ್ಪಾತು ಅನ್ನಾಕ ಬಂದೀನಿ."

"ಅಂದಿ. ಆತಲ್ಲ?"

ನಾನು ಅಲ್ಲೇ ನಿಂತೆ. ಅವಳೇ ಅಂದಳು: "ದೇವದುರ್ಗದಾಗ ಅಂವ ಬೆರಳು ಮುರದಾಗ ನನ್ನ ಕೂಗು ಒಬ್ಬರಿಗೂ ಕೇಳಿದ್ದಿಲ್ಲ. ಕೇಳಿದವರೂ ಕದ ಹಾಕ್ಕೊಂಡ್ರು. ನೀ ಹೊಡದಾಗ ನಲವತ್ತು ಮಂದಿ ಕೇಳಿದ್ರು. ಮೊದಲು ನಾಚಿಕಿ ಬಂತು ನನಗ, ಸಾಯ್ಬೇಕು ಅನ್ನಿಸ್ತು. ಆಮ್ಯಾಲೆ ಆ ಮಂದೀನ ಬಂದು ಎತ್ತಿದ್ರು."

"ಮನಿಗೆ ಬಾ. ಅವ್ವ ನೆನಸ್ತಾಳ."

"ಅವ್ವನ್ನ ನಾನ ಇಲ್ಲಿಗೆ ಕರಕೋತೀನಿ. ನಿನ್ನ ಮನಿಗೆ ಬರಾಂಗಿಲ್ಲ." ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸಿ ಒಂದು ಗುಟುಕು ಕುಡಿದಳು. "ಇನ್ನೊಂದು ಮಾತು. ಅತ್ತಿಗಿ ಬಿ.ಎ.ಗೆ ಹೆಸರು ಹಚ್ಯಾಳ. ನಾನ ಹಚ್ಚಿಸೀನಿ. ಆಕಿ ಕ್ಲಾಸ್ ನಾನ ತಗೋತೀನಿ. ದಿನಾ ಕೇಳ್ತಿರ್ತೀನಿ, ತಿಳೀತಿಲ್ಲೋ?"

ತಿಳಿಯಿತು. ಅವಳು ಒಳಗೆ ಹೋದಳು. ನಾನು ಬಸ್ ಹತ್ತಿದೆ.

ಮನೆ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಹೆಂಡತಿ ಪಡಸಾಲೆಯಲ್ಲಿ ಜೋಳದ ಡಬ್ಬಿಗೆ ಫೋನು ಆನಿಸಿಟ್ಟುಕೊಂಡು ಕೂತಿದ್ದಳು. ಒಲೆ ಹೊತ್ತಿರಲಿಲ್ಲ. ನನ್ನ ಹೆಜ್ಜೆಯ ಸದ್ದಿಗೆ ಅವಳ ಹೆಗಲು ಒಮ್ಮೆ ಕುಗ್ಗಿತು, ಹದಿನಾರು ವರ್ಷದ ಅಭ್ಯಾಸ ಅದು. ಮತ್ತೆ ನೆಟ್ಟಗಾದಳು, ನೋಟ್‌ಬುಕ್ಕಿನಿಂದ ಕಣ್ಣೆತ್ತಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಆದ ಮೇಲೂ ಬಂತು, ಬಲಗೈಯ ಬೆರಳುಗಳು ತಾವಾಗಿಯೇ ಮಡಿಚಿಕೊಂಡವು. ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೊರಗೆ ಬಂದೆ. ಹಿಟ್ಟಿನ ಗಿರಣಿಯವರೆಗೆ ನಡೆದು, ಅಲ್ಲಿಂದ ಕಾಲುವೆಯವರೆಗೆ ನಡೆದು, ಅವಳ ತರಗತಿ ಮುಗಿಯುವ ಹೊತ್ತಿಗೆ ತಿರುಗಿ ಬಂದು ಒಲೆ ಹೊತ್ತಿಸಿದೆ.